ಚೆಂಡೆ ತಗ್ಗಿದ ಹೊತ್ತು

ಅಪ್ಪನ ಭಾಗವತಿಕೆಯಲ್ಲಿ ನಮಗೆ ಉಳಿದಿರುವುದು ಒಂದೇ ಧ್ವನಿಮುದ್ರಣ. ಅವರ ಕೊನೆಯ ಮಳೆಗಾಲದಲ್ಲಿ ನಮ್ಮ ಚಾವಡಿಯಲ್ಲಿ ನಡೆದ ತಾಳಮದ್ದಳೆ ಅದು. ಅಪ್ಪನಿಗೆ 70 ದಾಟಿತ್ತು. ಸ್ವರ ಇತ್ತು, ದಮ್ಮು ಇರಲಿಲ್ಲ. ಪಕ್ಕದಲ್ಲಿ ಸೋದರಮಾವನ ಚೆಂಡೆ. ಇಬ್ಬರ ಮುಂದೆಯೂ ಒಂದೊಂದು ಮೈಕು ಇಟ್ಟು ಬೇರೆಬೇರೆಯಾಗಿ ಮುದ್ರಿಸಿಕೊಂಡಿದ್ದೆ.

ಅಪ್ಪನ ವರ್ಷಾಂತಿಕದ ದಿನ ಅದನ್ನು ಹಾಕಿದಾಗ ಅಮ್ಮ ಸ್ವಲ್ಪ ಹೊತ್ತು ಕೇಳಿ, "ಚೆಂಡೆ ಕೇಳ್ತದೆ. ಇವರೆಲ್ಲಿ?" ಎಂದರು. ನಿಜ, ಏರುಪದಗಳಲ್ಲಿ ಸಾಹಿತ್ಯದ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ಚೆಂಡೆಯನ್ನು ಉದ್ದಕ್ಕೂ ತಗ್ಗಿಸಿ ನೋಡಿದೆ. ಬಿಡ್ತಿಗೆಗಳು ಸತ್ತುಹೋದವು. "ನನ್ನನ್ನು ಯಾಕೆ ಅಂಗಳಕ್ಕೆ ಇಳಿಸಿದೆ ಮಾರಾಯ?" ಎಂದು ಮಾವ ಕೇಳಿದರು. ಅಪ್ಪನ ಸ್ವರ ಏರಿಸಿದರೆ ಅವರ ಮೈಕಿಗೆ ನುಗ್ಗಿದ್ದ ಚೆಂಡೆಯೂ ಜತೆಗೇ ಏರಿತು.

ಕೊನೆಗೆ ಕೈಹಿಡಿದದ್ದು ಸೈಡ್‌ಚೈನ್ ಕಂಪ್ರೆಶನ್. ಕಂಪ್ರೆಸರ್ ಎಂದರೆ ಗೊತ್ತುಮಾಡಿದ ಮಟ್ಟ ಮೀರಿದ ಸದ್ದನ್ನು ಅದುಮುವ ಸಾಧನ. ಸಾಮಾನ್ಯವಾಗಿ ಅದು ಯಾವ ಸದ್ದನ್ನು ಕೇಳುತ್ತದೋ ಅದನ್ನೇ ಅದುಮುತ್ತದೆ. ಸೈಡ್‌ಚೈನಿನಲ್ಲಿ ಹಾಗಲ್ಲ, ಕಿವಿ ಒಂದರ ಕಡೆ, ಕೈ ಇನ್ನೊಂದರ ಮೇಲೆ. ರೇಡಿಯೋದಲ್ಲಿ ನಿರೂಪಕರು ಮಾತೆತ್ತಿದ ಕೂಡಲೇ ಹಿಂದಿನ ಸಂಗೀತ ತಾನಾಗಿ ತಗ್ಗುವುದನ್ನು ನೀವು ಗಮನಿಸಿರಬಹುದು. ಅಲ್ಲಿಯೂ ಇದೇ ಉಪಾಯ ನಡೆಯುತ್ತದೆ. ಚೆಂಡೆಯ ಮೇಲೆ ಕಂಪ್ರೆಸರ್ ಕೂರಿಸಿ, ಅದರ ಕಿವಿಗೆ ಅಪ್ಪನ ಸ್ವರ ಕೊಟ್ಟೆ.

ಮೊದಲ ಸಲ 10 ಡೆಸಿಬೆಲ್ ತಗ್ಗಿಸಿದೆ. ಚೆಂಡೆ ಉಬ್ಬಸ ಬಂದವರಂತೆ ಏದುಸಿರು ಬಿಟ್ಟಿತು. ಅಪ್ಪನ ಮೈಕಿಗೆ ಬಿದ್ದಿದ್ದ ತನ್ನದೇ ಪೆಟ್ಟು ಕೇಳಿ ತಾನೇ ತಗ್ಗುತ್ತಲೂ ಇತ್ತು. ಕಂಪ್ರೆಸರಿನ ಕಿವಿಗೆ ಹೋಗುವ ಸದ್ದಿನಿಂದ ಚೆಂಡೆಯ ಚೂಪು ಸ್ವರಗಳನ್ನು ಸೋಸಿದೆ. 10 ಡೆಸಿಬೆಲನ್ನು 4ಕ್ಕೆ ಇಳಿಸಿದೆ. ಹಾಡು ನಿಂತ ಮೇಲೆ 300 ಮಿಲಿಸೆಕೆಂಡಿನಲ್ಲಿ ಮೆಲ್ಲನೆ ಮೇಲೇಳುವಂತೆ ಮಾಡಿದೆ. ಈಗ ಅಪ್ಪ ಹಾಡುವಾಗ ಚೆಂಡೆ ಒಂದು ಹೆಜ್ಜೆ ಹಿಂದೆ. ಬಿಡ್ತಿಗೆಯಲ್ಲಿ ಮತ್ತೆ ಮುಂದೆ.

ಮಾವ ಪೂರ್ತಿ ಕೇಳಿದರು. "ಇದನ್ನು ಆ ರಾತ್ರಿ ನನ್ನ ಕೈಯೇ ಮಾಡಬೇಕಿತ್ತು. ಭಾವನ ಮುಖ ನೋಡಿಕೊಂಡು ಬಾರಿಸಬೇಕಿತ್ತು" ಎಂದರು. ನನಗೆ ಉತ್ತರ ತೋಚಲಿಲ್ಲ.

ಮಲಯಾಳ ಶಾಲೆಗೆ ಹೋಗುವ ನನ್ನ ಮಗಳು ಅಮ್ಮನ ಪಕ್ಕ ಕೂತಿದ್ದಳು. "ಅಜ್ಜಿ, ಅಜ್ಜ ಹಾಡಿದ್ರಲ್ಲ, ಬವರ ಅಂದ್ರೆ ಎಂತ?" ಎಂದಳು. ಅಮ್ಮ ಹೇಳಿಕೊಟ್ಟರು. ಈ ಮುದ್ರಣವನ್ನು ಅವಳು ಹಿಂದೆಯೂ ಕೇಳಿದವಳೇ. ಒಂದು ಪದದ ಅರ್ಥವನ್ನೂ ವಿಚಾರಿಸಿದವಳಲ್ಲ. ಈ ಸಲ ಕೇಳಿಸಿತು, ಅದಕ್ಕೇ ಕೇಳಿದಳು.