ಕೂದಲೆಳೆ ಲೆಕ್ಕದ ಗಲ್ಲಿ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆಗೆ ಎರಡು ಮುಖ. ಸಂಜೆಯಾದರೆ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲುಗಳ ಮೇಲೆ ನಾಟಕದವರ ಗುಂಪು. ಟೀ ಹೀರುತ್ತ ಮಾತು ಒಪ್ಪಿಸುವವರು, ಪಾಸಿಗಾಗಿ ಕಾಯುವವರು. ಬೆಳಗಾದರೆ ಬಂಪರು, ಬೇರಿಂಗು, ಸೀಟಿನ ಗವಸು, ಹಾರನ್ನುಗಳ ಸಂತೆ. 1935ರ ಪುರಭವನವನ್ನೂ 1963ರ ಕಲಾಕ್ಷೇತ್ರವನ್ನೂ ನೋಡಲು ಬಂದವರಿಗೆ ಈ ಸಂತೆ ಬರಿಯ ಗದ್ದಲ. ಆದರೆ ಮುಖ್ಯ ರಸ್ತೆ ಬಿಟ್ಟು ಕಲಾಸಿಪಾಳ್ಯದ ಕಡೆಯ ಗಲ್ಲಿಯೊಂದಕ್ಕೆ ಕಾಲಿಟ್ಟರೆ ಗದ್ದಲದ ಶ್ರುತಿ ಬದಲಾಗುತ್ತದೆ. ಸುಟ್ಟ ಎಣ್ಣೆಯ ವಾಸನೆ, ಕಾಸ್ಟಿಕ್ ನೀರಿನ ಹಬೆ, ಎರಕದ ಕಬ್ಬಿಣವನ್ನು ಉಳಿ ಕೆರೆಯುವ ಒಂದೇ ಸಮನೆಯ ಗುಂಯ್‌ಕಾರ. ರೀಬೋರಿಂಗ್ ಶೆಡ್ಡುಗಳು ಇರುವುದು ಇಲ್ಲೇ.

ಇಂಥ ಒಂದು ಶೆಡ್ಡಿಗೆ ಸಕಲೇಶಪುರದ ಕಡೆಯಿಂದ ಜೀಪಿನ ಎಂಜಿನ್ ಬ್ಲಾಕೊಂದು ಬಂದಿತು. ಜೊತೆಗೆ ತಂದೆ ಮತ್ತು ಮಗ. ಮಲೆನಾಡಿನ ತೋಟದ ಮನೆಗಳಲ್ಲಿ ಜೀಪೆಂದರೆ ವಾಹನಕ್ಕಿಂತ ಮನೆಮಂದಿಯೇ ಹೆಚ್ಚು. ಬಾಣಂತಿಯನ್ನೂ ಹೊತ್ತಿದೆ, ಗೊಬ್ಬರವನ್ನೂ ಹೊತ್ತಿದೆ. ಈ ಜೀಪು ಮಾತ್ರ ಕೊಟ್ಟಿಗೆಯ ಪಕ್ಕದಲ್ಲಿ ಹಲವು ಮಳೆಗಾಲ ಕಳೆದಿತ್ತು. ಅದನ್ನು ಮತ್ತೆ ಎಬ್ಬಿಸಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಹಳೆಯ ಪೆಟ್ರೋಲ್ ಎಂಜಿನ್ ಗುಜರಿಗೆ ಕೊಟ್ಟು ಡೀಸೆಲ್ ಎಂಜಿನ್ ಕೂರಿಸುವುದೇ ಜಾಣತನ ಎಂದು ತಂದೆ. ಅಜ್ಜ ಓಡಿಸಿದ ಎಂಜಿನ್ನೇ ಓಡಬೇಕು ಎಂದು ಮೆಕ್ಯಾನಿಕಲ್ ಡಿಪ್ಲೊಮಾ ಓದುವ ಮಗ. ಶೆಡ್ಡಿನ ಹಿರಿಯ ಮೇಸ್ತ್ರಿ ಯಾರ ಪಕ್ಷವನ್ನೂ ವಹಿಸಲಿಲ್ಲ. “ಮೊದಲು ತೊಳೆಯೋಣ, ಆಮೇಲೆ ಜಗಳ” ಎಂದರಂತೆ.

ತೊಳೆದ ಮೇಲೆ ಗುಟ್ಟು ಬಯಲಾಯಿತು. ತೆರೆದೇ ಉಳಿದಿದ್ದ ವಾಲ್ವಿನ ದಾರಿಯಾಗಿ ಮೂರನೆಯ ಸಿಲಿಂಡರಿಗೆ ನೀರಿಳಿದು, ಗೋಡೆಯಲ್ಲಿ ತುಕ್ಕು ಗುಳಿ ತೋಡಿತ್ತು. ಉಳಿದ ಮೂರು ಸಿಲಿಂಡರುಗಳದು ಸಹಜ ಸವೆತ. ಸಹಜ ಸವೆತಕ್ಕೂ ಒಂದು ಸ್ವಭಾವವಿದೆ. ಮೇಲಿನ ರಿಂಗು ತಿರುಗಿ ಹೊರಡುವ ಜಾಗದಲ್ಲಿ ಗೋಡೆ ಹೆಚ್ಚು ತೇಯುತ್ತದೆ, ತಳದಲ್ಲಿ ಕಡಮೆ. ಪಿಸ್ಟನ್ ಪಕ್ಕಕ್ಕೆ ಒತ್ತುವ ದಿಕ್ಕಿನಲ್ಲಿ ಇನ್ನಷ್ಟು. ಹೀಗಾಗಿ ದುಂಡಗಿದ್ದ ರಂಧ್ರ ಕಾಲಕ್ರಮದಲ್ಲಿ ತುಸು ಮೊಟ್ಟೆಯಾಕಾರಕ್ಕೂ ತುಸು ಆಲಿಕೆಯ ಆಕಾರಕ್ಕೂ ತಿರುಗುತ್ತದೆ. ಕಣ್ಣಿಗೆ ಇದು ಕಾಣದು. ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿಗೆ ಇಳಿಸಿ ಅಳೆಯಬೇಕು.

ಅಳತೆ ಇಲ್ಲಿ ‘ಥೌ’ಗಳಲ್ಲಿ. ಇಂಚಿನ ಸಾವಿರದ ಒಂದು ಭಾಗ, ಎಂದರೆ 0.0254 ಮಿಲಿಮೀಟರ್. ತಲೆಗೂದಲ ಎಳೆಯೊಂದು ಎರಡು ಮೂರು ಥೌ ದಪ್ಪವಿರಬಹುದು. ಈ ಜೀಪ್ ಎಂಜಿನ್ನಿನ ಮೂಲ ಬೋರು 3⅛ ಇಂಚು, ಅಂದರೆ 79.375 ಮಿ.ಮೀ.; ಸ್ಟ್ರೋಕು 4⅜ ಇಂಚು. ಸವೆದ ಗೋಡೆಯನ್ನು 20, 30, 40, 60 ಥೌ ಹಿಗ್ಗಿಸಿ, ಅಷ್ಟೇ ದಪ್ಪದ ‘ಓವರ್‌ಸೈಜ್’ ಪಿಸ್ಟನ್ ಹಾಕುವುದು ರೂಢಿ. ಅಂಗಡಿಗಳಲ್ಲಿ ಅವರಿಗೆ ಸಿಕ್ಕಿದ್ದು 60ರವರೆಗಿನವು. ಮೂರನೆಯ ಸಿಲಿಂಡರಿನ ಗುಳಿ ಅದಕ್ಕೂ ಆಳ; 80 ಥೌ ತೆಗೆದರಷ್ಟೇ ಗೋಡೆ ನುಣುಪಾದೀತು.

ಮುಂದಿದ್ದ ದಾರಿ ಎರಡು. ಸಿಲಿಂಡರಿಗೆ ಹೊಸ ಕೊಳವೆ, ಅಂದರೆ ಲೈನರ್ ಬಡಿದು ಮೂಲ ಅಳತೆಗೆ ಮರಳುವುದು ಒಂದು. ಹೆಚ್ಚಿನವರು ಮಾಡುವುದು ಇದನ್ನೇ. ಕೆಟ್ಟ ಕೆಲಸವೂ ಅಲ್ಲ. ನಾಲ್ಕನ್ನೂ 80 ಥೌ ಹಿಗ್ಗಿಸಿ, ಅದಕ್ಕೆಂದೇ ಪಿಸ್ಟನ್ ಮಾಡಿಸುವುದು ಇನ್ನೊಂದು. ಆದರೆ ಬೋರಿನಾಚೆಗೆ ಇರುವುದು ತಂಪು ನೀರು ಹರಿಯುವ ಜಾಗ. ನಡುವಿನ ಗೋಡೆ ಅತಿ ತೆಳುವಾದರೆ ಶಾಖಕ್ಕೆ ಬಿರಿಯುತ್ತದೆ. ಎರಕದ ಒಳಗಿನ ಅಚ್ಚು ಕೂದಲಷ್ಟು ಸರಿದಿದ್ದರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಆದ್ದರಿಂದ ಅಲ್ಟ್ರಾಸಾನಿಕ್ ಗೇಜಿನಿಂದ ಗೋಡೆಯ ದಪ್ಪ ಪರೀಕ್ಷಿಸಿದರು. ಸಾಕಷ್ಟಿದೆ ಎಂದಾಯಿತು. “ಇದೇ ಕೊನೆ. ಇನ್ನೊಮ್ಮೆ ಸವೆದರೆ ಲೈನರೇ ಗತಿ” ಎಂದು ಮೇಸ್ತ್ರಿ ಮೊದಲೇ ಹೇಳಿಬಿಟ್ಟರು. ತಂದೆ ಬಹಳ ಹೊತ್ತು ಸುಮ್ಮನಿದ್ದು, ಮಗನ ಕೈಗೆ ಕಾಗದ ಪೆನ್ನು ಕೊಟ್ಟರು.

ಪಿಸ್ಟನ್ ಮಾಡಿಸುವುದು ಅಂಗಿ ಹೊಲಿಸಿದಂತೆ. ಅಳತೆ ಕೊಟ್ಟವನೇ ಹೊಣೆಗಾರ. ಪಿನ್ನಿನ ನಡುವಿನಿಂದ ನೆತ್ತಿಯವರೆಗಿನ ಎತ್ತರ, ಪಿನ್ನಿನ ದಪ್ಪ, ರಿಂಗುಗಳ ಗಾಡಿಯ ಅಗಲ ಆಳ, ನೆತ್ತಿಯ ಆಕಾರ ಎಲ್ಲವನ್ನೂ ಬರೆಯಬೇಕು. ಹುಡುಗ ಹಳೆಯ ಪಿಸ್ಟನ್ನನ್ನು ನೆತ್ತಿಯ ಬಳಿ ಅಳೆದು ಬರೆದಿದ್ದ. ಮೇಸ್ತ್ರಿ ನಕ್ಕು ಮೈಕ್ರೋಮೀಟರನ್ನು ಕೆಳಗೆ, ಪಿನ್ನಿಗೆ ಅಡ್ಡಲಾಗಿ ಹಿಡಿದು ತೋರಿಸಿದರು. ಅಂಕಿ ಬೇರೆಯೇ ಬಂತು.

ದುಂಡಗೆ ಕಾಣುವ ಪಿಸ್ಟನ್ ದುಂಡಗಿರುವುದಿಲ್ಲ! ನೆತ್ತಿಗೆ ಬೆಂಕಿಯ ಶಾಖ ಹೆಚ್ಚು, ಅಲ್ಲಿ ಹಿಗ್ಗುವುದೂ ಹೆಚ್ಚು. ಹಾಗಾಗಿ ತಣ್ಣಗಿರುವಾಗ ನೆತ್ತಿ ಸಣ್ಣದಾಗಿರಬೇಕು. ಪಿನ್ನಿನ ದಿಕ್ಕಿನಲ್ಲಿ ಲೋಹ ದಪ್ಪ, ಅಲ್ಲೂ ತುಸು ಕಡಮೆ. ಬಿಸಿಯಾದ ಮೇಲಷ್ಟೇ ಅದು ದುಂಡಗಾಗುತ್ತದೆ. ಅಲ್ಯುಮಿನಿಯಂ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಡಮೆ ಎರಡರಷ್ಟು ಹಿಗ್ಗುವ ಲೋಹ. 80 ಮಿ.ಮೀ. ಪಿಸ್ಟನ್ 100 ಡಿಗ್ರಿ ಬಿಸಿಯೇರಿದರೆ ಸುಮಾರು 0.16 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಬಿಸಿಗೆ ಸಿಲಿಂಡರು 0.09. ಈ ವ್ಯತ್ಯಾಸಕ್ಕೆಂದು ಬಿಡುವ ಸಂದು ಇಲ್ಲಿ ಸುಮಾರು 3 ಥೌ. ಕಡಮೆಯಾದರೆ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ. ಹೆಚ್ಚಾದರೆ ಟಕಟಕ ಬಡಿಯುತ್ತದೆ. ಉಷ್ಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಸಿಗಲಾರದು, ಆದರೆ ಶಾಲೆಯ ಪ್ರವಾಸಗಳು ಈ ಗಲ್ಲಿಗೆ ಬರುವುದಿಲ್ಲ.

ಚೀಟಿಯಲ್ಲಿ ಹುಡುಗ ‘80 ಥೌ’ ಎಂದಷ್ಟೇ ಬರೆದಿದ್ದ. “ಇದು ಪಿಸ್ಟನ್ನಿನ ಅಳತೆಯೊ, ಬೋರಿನದೊ?” ಎಂಬ ಪ್ರಶ್ನೆ ಬಂತು. ಸಂದಿನ 3 ಥೌ ಯಾರ ಲೆಕ್ಕಕ್ಕೆಂದು ತಿಳಿಯದೆ ಹೋದರೆ ಎಲ್ಲ ಕೆಟ್ಟಂತೆ. ಬೋರು 81.407, ಪಿಸ್ಟನ್ 81.33 ಎಂದು ತಿದ್ದಿದ. ಆ ಗುಂಗಿನಲ್ಲೇ ವೃತ್ತದ ಕ್ಷೇತ್ರಫಲವನ್ನು ಸ್ಟ್ರೋಕಿನಿಂದ, ಅದನ್ನು ನಾಲ್ಕರಿಂದ ಗುಣಿಸಿ ನೋಡಿದ. 2,199 ಸಿ.ಸಿ. ಎಂಜಿನ್ 2,313 ಆಗುತ್ತದೆ! ತಂದೆ ಕೇಳಿದ್ದು ಮಾತ್ರ ಪೆಟ್ರೋಲಿನ ಖರ್ಚನ್ನು.

ಚೀಟಿ ಹೋಯಿತು. ಪಿಸ್ಟನ್ ಕೈಗೆ ಬರುವವರೆಗೆ ಬ್ಲಾಕಿಗೆ ಉಳಿ ಮುಟ್ಟಿಸಲು ಮೇಸ್ತ್ರಿ ಒಪ್ಪಲಿಲ್ಲ. ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸಲಾಗದು ಎಂಬುದು ಅವರ ವಾದ. ವಾರಗಟ್ಟಲೆ ಬ್ಲಾಕು ಮೂಲೆಯಲ್ಲಿ ಗೋಣಿ ಹೊದ್ದು ಕೂತಿತು. ತಂದೆಯ ಫೋನು ಆಗಾಗ ಬರುತ್ತಿತ್ತು. ಕಡೆಗೆ ನಾಲ್ಕು ಪಿಸ್ಟನ್ನುಗಳು ಬಂದಾಗ ಮೊದಲು ತೂಗಿದರು. ಒಂದು ಕೆಲವು ಗ್ರಾಂ ಹೆಚ್ಚಿತ್ತು. ಅದರ ಒಳಮೈಯಿಂದ ಅಷ್ಟನ್ನು ಕೆರೆದು ಸರಿದೂಗಿಸಿದರು. ಆಮೇಲೆ ಒಂದೊಂದನ್ನೂ ಅಳೆದು 1, 2, 3, 4 ಎಂದು ಗುರುತು ಹಾಕಿ, ಪ್ರತಿ ಸಿಲಿಂಡರನ್ನೂ ಅದರದೇ ಪಿಸ್ಟನ್ನಿಗೆ ಹೊಂದುವಂತೆ ಕೊರೆದರು. ಬೋರಿಂಗ್ ಯಂತ್ರ ಕೊನೆಯ ಎರಡು ಮೂರು ಥೌ ಉಳಿಸುತ್ತದೆ. ಅದನ್ನು ತೆಗೆಯುವುದು ಹೋನಿಂಗ್ ಕಲ್ಲು. ಅದು ತಿರುಗುತ್ತ ಮೇಲೆ ಕೆಳಗೆ ಓಡಿ ಗೋಡೆಯ ಮೇಲೆ ಚೌಕುಳಿ ಗೀರು ಬಿಡುತ್ತದೆ. ಎಣ್ಣೆ ನಿಲ್ಲುವುದು ಆ ಗೀರುಗಳಲ್ಲೇ. ಕನ್ನಡಿಯಷ್ಟು ನುಣುಪಾದರೆ ರಿಂಗು ಹೊಂದಿಕೊಳ್ಳದು.

ಬಿಸಿನೀರು, ಸೋಪು, ಬಿಳಿ ಬಟ್ಟೆ. ಒರೆಸಿದ ಬಟ್ಟೆ ಬೂದು ಬಣ್ಣಕ್ಕೆ ತಿರುಗದವರೆಗೆ ತೊಳೆದು, ತುಕ್ಕು ಹಿಡಿಯುವ ಮುನ್ನ ಎಣ್ಣೆ ಬಳಿದರು. ರಿಂಗು ತೊಡಿಸದ ಪಿಸ್ಟನ್ನುಗಳನ್ನು ಒಂದೊಂದಾಗಿ ಇಳಿಸಿ ನೋಡುವಾಗ ತಂದೆ ಮಗ ಇಬ್ಬರೂ ಬಾಗಿ ನಿಂತಿದ್ದರು. ಮೂರನೆಯದನ್ನು ಮೇಸ್ತ್ರಿ ತಂದೆಯ ಕೈಗೇ ಕೊಟ್ಟರು. ಅವರು ಬಾಯಿಗಿಟ್ಟು ಬೆರಳು ತೆಗೆದರು. ಪಿಸ್ಟನ್ ತನ್ನ ಭಾರಕ್ಕೆ ತಾನೇ, ಅವಸರವಿಲ್ಲದೆ ಕೆಳಗಿಳಿಯಿತು. “ಇನ್ನೊಂದು ಸಲ” ಎಂದು ಅದನ್ನು ಕೆಳಗಿನಿಂದ ಮೇಲಕ್ಕೆ ದೂಡಿದರು.

ರಾತ್ರಿ ಕಲಾಸಿಪಾಳ್ಯದಲ್ಲಿ ಬ್ಲಾಕು ಸಕಲೇಶಪುರದ ಲಾರಿ ಏರಿತು. ಕಲಾಕ್ಷೇತ್ರದಲ್ಲಿ ಆಗಷ್ಟೇ ನಾಟಕ ಬಿಟ್ಟಿತ್ತು.