ಹಿಡಿಕಿ ಕೈಗೆ ಬರಬೇಕು

ಈ ಸಲ ಬರಿಯಾಕ ಕುಂತಿದ್ದು ಚಾಕುವಿನ ಹಿಡಿಕಿ ಬಗ್ಗೆ. ಹಿಡಿಕಿ ಬಗ್ಗೆ ಏನ್ ಬರಿಯೋದೈತಿ ಅಂತ ನಗಬ್ಯಾಡ್ರಿ. ದಿನಾ ಎರಡು ಹೊತ್ತು ನಮ್ಮ ಕೈಯಾಗ ಇರೋ ಸಾಮಾನು ಅದು. ಅದು ಕೈಗೆ ಹೊಂದಲಿಲ್ಲ ಅಂದ್ರ ಒಬ್ಬರ ಕೆಲಸಾನ ನಿಂತು ಹೋಗ್ತೈತಿ.

ಮದಲೆಲ್ಲಾ ಹಿಡಿಕಿ ಅಂದ್ರ ಹಿಡಿಯೋರ ಕೈ ನೋಡಿ ಮಾಡೋದಿತ್ತು. ಕುಷ್ಟಗಿ, ಯಲಬುರ್ಗಾ ಕಡೆ ಜ್ವಾಳ ಕೊಯ್ಯೋ ಕುಡಗೋಲ ಇರಲಿ, ಗಂಗಾವತಿ ಕಡೆ ನೆಲ್ಲು ಕೊಯ್ಯೋ ಕುಡಗೋಲ ಇರಲಿ, ಕಂಬಾರರು ಅಲಗು ಬಡದು ಕೊಟ್ಟರ ಬಡಿಗ್ಯಾರು ಜಾಲಿ ಕಟ್ಟಿಗಿ ಕೆತ್ತಿ ಹಿಡಿಕಿ ಕೂಡಸ್ತಿದ್ರು. ದಪ್ಪಾತು ಅಂದ್ರ ಅಲ್ಲೇ ಬಾಚಿಲೆ ನಾಕು ಪೆಟ್ಟು ಹಾಕಿ ಸಣ್ಣ ಮಾಡಿ ಕೊಡತಿದ್ರು. ಅಲಗಿನ ಬಾಲ ಕಾಸಿ, ಅರಗು ಹಾಕಿ ಕುಂದ್ರಿಸಿ, ಬಾಯಿಗೆ ಒಂದು ಅಣಸು ಬಿಗದ್ರ ನೀರು ಒಳಗ ಇಳೀತಿದ್ದಿಲ್ಲ. ಈಗ ಅಂಗಡ್ಯಾಗ ಸಿಗೋ ರಬ್ಬರ್ ಹಿಡಿಕಿ ಚಾಕು ಹಂಗಲ್ಲ. ಒಂದ ಅಳತಿ, ಎಲ್ಲಾರ ಕೈಗೂ ಅದ.

ನಮ್ಮತ್ತಿಯವರಿಗೆ ಎರಡು ವರ್ಷದಿಂದ ಮೊಳಕಾಲು ನೋವು. ಈಳಿಗಿ ಮಣಿ ಮ್ಯಾಲೆ ಕುಂದ್ರಾಕ ಆಗೂದಿಲ್ಲ. ಖುರ್ಚಿ ಮ್ಯಾಲೆ ಕುಂತು ಚಾಕುಲೆ ಹೆಚ್ಚೋದು ರೂಢಿ ಮಾಡಿಕೊಂಡ್ರು. ನಮ್ಮ ಮೈದುನ ಬೆಂಗಳೂರಿಂದ ಅವರಿಗಂತನ ಒಂದು ಚಾಕು ತಂದ. ಅಲಗು ಭಾಳ ಚಲೋ ಇತ್ತು, ಹಿಡಿಕಿ ಮಾತ್ರ ಲಟ್ಟಣಿಗಿಯಷ್ಟು ದಪ್ಪ. ಅತ್ತಿಯವರ ಕೈ ಸಣ್ಣದು, ಹೆಬ್ಬೆರಳಿನ ಬುಡದಾಗ ನೋವು ಬ್ಯಾರೆ. ಒಂದಿನ ಕುಂಬಳಕಾಯಿ ಹೆಚ್ಚುವಾಗ ಚಾಕು ಕೈಯಾಗ ತಿರುಗಿ ಬೆರಳು ಕೊಯ್ತು. ಗಾಯ ಸಣ್ಣದ, ಆದ್ರ ಮನಿ ಗಂಡಸ್ರೆಲ್ಲಾ "ಇನ್ನ ಚಾಕು ಮುಟ್ಟಬ್ಯಾಡ ಯವ್ವಾ, ಸುಮ್ಮ ಕುಂದ್ರು" ಅಂದುಬಿಟ್ರು. ಅತ್ತಿಯವರು ಎದುರು ಮಾತಾಡಲಿಲ್ಲ. ರಾತ್ರಿ ನನ್ನ ಮುಂದ ಅಷ್ಟ ಅಂದ್ರು: "ಮೊಳಕಾಲು ಹೋದುವು ಖರೆ. ಕೈ ಇನ್ನೂ ಅದಾವಲ್ಲ ನನ್ನವು."

ಆ ಮಾತು ಕೇಳಿದ ಮ್ಯಾಲೆ ಹಿಡಿಕಿ ಸಣ್ಣ ಮಾಡಬೇಕು ಅಂತ ನಿಶ್ಚೆ ಮಾಡಿದೆ.

ಬೆರಳು ಪೂರಾ ಮಡಚಾಕ ಬರದವರಿಗೆ ಸ್ವಲ್ಪ ದಪ್ಪ ಹಿಡಿಕಿನ ಚಲೋ, ಗಟ್ಟಿ ಒತ್ತಿ ಹಿಡಿಯೋದು ಬೇಕಾಗೂದಿಲ್ಲ. ಆದ್ರ ಬೆರಳು ಸುತ್ತ ಬರಲಾರದಷ್ಟು ದಪ್ಪಾದ್ರ ಚಾಕು ಕೈಯಾಗ ತಿರುಗತೈತಿ. ಅದಕ್ಕ ನಾನು ದಾರ ಸುತ್ತಿ ಅಳದೆ. ಹೊಸ ಹಿಡಿಕಿ ಸುತ್ತಳತಿ 13 ಸೆಂ.ಮೀ. ಇತ್ತು. ಅತ್ತಿಯವರಿಗೆ ರೂಢಿ ಇದ್ದ ಹಳೇ ಸೌಟಿನ ಹಿಡಿಕಿಗೆ ಅರಬಿ ಸುತ್ತಿ ಸುತ್ತಿ, ಎಷ್ಟಾದ್ರ ಆರಾಮ ಅನಸ್ತೈತಿ ಅಂತ ಅವರನ್ನ ಕೇಳಿದೆ. 10 ಸೆಂ.ಮೀ.ಗೆ ಬಂದಾಗ "ಇಷ್ಟ ಸಾಕವ್ವಾ" ಅಂದ್ರು.

ಮದಲು ಅಲಗಿಗೆ ದಪ್ಪ ರಟ್ಟು ಸುತ್ತಿ, ಮ್ಯಾಲೆ ಅರಬಿ ಸುತ್ತಿ ಟೇಪ್ ಹಚ್ಚಿದೆ. ಇದನ್ನ ಮಾಡದ ಹಿಡಿಕಿ ಮುಟ್ಟಬ್ಯಾಡ್ರಿ. ಆಮ್ಯಾಲೆ ಚಾಕು ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ ರಾತ್ರಿಯೆಲ್ಲಾ ಫ್ರೀಜರಿನ್ಯಾಗ ಇಟ್ಟೆ. ನಮ್ಮ ಕಡೆ ಬ್ಯಾಸಗಿ ಬಿಸಲಿಗೆ ರಬ್ಬರ್ ಮೆತ್ತಗಾಗಿ ಬ್ಲೇಡಿಗೆ ಎಳೀತೈತಿ, ಉಜ್ಜಿದ್ರ ಉಂಡಿ ಉಂಡಿ ಆಗತೈತಿ. ತಣ್ಣಗಾದ್ರ ಬಿರುಸಾಗಿ ಚಂದಂಗ ಕೊಯ್ಯಾಕ ಬರತೈತಿ. ಮುಂಜಾನೆ ತಂಪಿನ್ಯಾಗ ಹೊಸಾ ಕಟರ್ ಬ್ಲೇಡ್ ತೊಗೊಂಡು, ಮೈಯಿಂದ ಆಚಿ ಕಡೆಗೆ, ಉಳ್ಳಾಗಡ್ಡಿ ಸಿಪ್ಪಿಯಷ್ಟು ತೆಳ್ಳಗ ತಗದೆ. ಮೆತ್ತಗಾತು ಅನ್ನೋದರಾಗ ಮತ್ತ ಫ್ರೀಜರಿಗೆ. ಇಂಥಾ ಹಿಡಿಕಿಯೊಳಗ ಗಟ್ಟಿ ಪ್ಲಾಸ್ಟಿಕ್ ತಿರುಳು ಇರತೈತಿ. ಅದು ಕಂಡ ಕೂಡಲೇ ನಿಲ್ಲಿಸಬೇಕು, ಇಲ್ಲಾಂದ್ರ ಹಿಡಿಕಿ ಬಲ ಹೋಗತೈತಿ. ಬೆರಳು ಕುಂದ್ರೋ ಜಾಗಾ ಸ್ವಲ್ಪ ತಗ್ಗು ಮಾಡಿ, ಹಿಂದಿನ ತುದಿ ಸ್ವಲ್ಪ ಉಬ್ಬು ಬಿಟ್ಟೆ, ಕೈ ಹಿಂದಕ ಜಾರಬಾರದಂತ.

ಆಮ್ಯಾಲೆ ಪಾಲಿಶ್ ಪೇಪರ್. 80 ನಂಬರ್, 150, ಕಡೀಕ 220. ನೀರು ಹಚ್ಚಿ ಉಜ್ಜಿದ್ರ ಪುಡಿ ಮೂಗಿಗೆ ಹೋಗೂದಿಲ್ಲ. ಯಾರರ "ಗ್ಯಾಸಿನ ಮ್ಯಾಲೆ ಕಾಸಿ ಒತ್ತು, ಲಗೂ ಆಗತೈತಿ" ಅಂದ್ರ ಕೇಳಬ್ಯಾಡ್ರಿ. ರಬ್ಬರ್ ಸುಟ್ಟ ಹೊಗಿ ಕೆಟ್ಟದ್ದು.

ಇಷ್ಟಕ್ಕ ಮುಗೀತು ಅನ್ನಂಗಿಲ್ಲ. ಕೊಯ್ದ ರಬ್ಬರ್ ಖರಖರ ಇರತೈತಿ. ಅರಿಶಿಣ, ಉಳ್ಳಾಗಡ್ಡಿ ರಸ, ಎಣ್ಣಿ ಎಲ್ಲಾ ಅದರಾಗ ಕುಂದ್ರತೈತಿ. ಅಲಗು ಹಿಡಿಕಿ ಕೂಡೋ ಸಂದ್ಯಾಗ ನೀರು ಇಳದ್ರ ಒಳಗಿನ ಕಬ್ಬಿಣ ಜಂಗ್ ಹಿಡಿದು ವಾಸನಿ ಬರತೈತಿ. ನಮ್ಮ ಕಿನ್ನಾಳದ ಚಿತ್ರಗಾರರು ಕಟ್ಟಿಗಿ ಗೊಂಬಿ ಸಂದು ಮುಚ್ಚಾಕ ಕಟ್ಟಿಗಿ ಹೊಟ್ಟು, ಹುಣಸಿಬೀಜದ ಅಂಟು ಕಲಸ್ತಾರ. ಗೊಂಬಿಗೆ ಅದು ಭಾಳ ಚಲೋ, ನೀರಾಗ ಅದ್ದೋದಿಲ್ಲಲ್ಲ. ದಿನಾ ತೊಳಿಯೋ ಚಾಕುವಿಗೆ ಅದು ನಿಲ್ಲೂದಿಲ್ಲ. ನಾನು ಎರಡು ಟ್ಯೂಬಿನ ಅರಾಲ್ಡೈಟ್ ತಂದೆ. ಹಿಡಿಕಿ ಸೋಪಿಲೆ ತೊಳದು, ಒಂದಿನ ಪೂರಾ ಒಣಗಿಸಿ, ಎರಡೂ ಟ್ಯೂಬಿಂದು ಸಮಾ ಸಮಾ ಹಿಂಡಿ ಕಲಸಿ, ಕಡ್ಡಿಲೆ ಸಂದಿನ ಸುತ್ತ ತುಂಬಿದೆ. ಅಲಗಿಗೆ ಹತ್ತಿದ್ದನ್ನ ಹಸಿ ಇದ್ದಾಗನ ಒರಸಿಬಿಟ್ಟೆ. 24 ತಾಸು ಮುಟ್ಟಲಿಲ್ಲ.

ಮ್ಯಾಲಿನ ಹೊದಿಕಿಗೆ ಕರೆಂಟ್ ಸಾಮಾನಿನ ಅಂಗಡ್ಯಾಗ ಶ್ರಿಂಕ್ ಸ್ಲೀವ್ ಸಿಗತೈತಿ. ಕಾಸಿದ್ರ ಅರ್ಧಕ್ಕ ಇಳಿದು ಬಿಗಿಯಾಗಿ ಹಿಡಕೊಳ್ಳೋ ಕೊಳವಿ ಅದು. 40 ಮಿ.ಮೀ. ಅಗಲದ್ದು ತೊಗೊಂಡು, ಹಿಂದಿನ ತುದಿಯಿಂದ ಏರಿಸಿದೆ. ಅಂಗಡಿಯವರು ತಮ್ಮ ಬಿಸಿಗಾಳಿ ಗನ್ನಿಲೆ ಎರಡು ನಿಮಿಷದಾಗ ಇಳಿಸಿ ಕೊಟ್ರು. ತುದಿಗೆ ಮತ್ತೊಂದು ಸುತ್ತು ಅಂಟು ಹಚ್ಚಿದೆ. ಈ ಚಾಕು ಕುದಿಯೋ ನೀರಾಗ ಹಾಕಬಾರದು, ನೆನಿ ಇಡಬಾರದು. ತೊಳದು ಒರಸಿ ಇಡಬೇಕು. ಹೊದಿಕಿ ಬಿರಿದ್ರ ಅಥವಾ ಅಲಗು ಅಳ್ಳಾಡಿದ್ರ ಅದನ್ನ ಬಳಸೋದು ಬಿಡಬೇಕು.

ಈಗ ಅತ್ತಿಯವರು ಚವಳಿಕಾಯಿ, ಹೀರಿಕಾಯಿ, ಬದನಿಕಾಯಿ ಎಲ್ಲಾ ಹೆಚ್ಚತಾರ. ಕುಂಬಳಕಾಯಿ ನಾನು ಒಡದು ಕೊಡ್ತೀನಿ, ಹೋಳು ಅವರು ಮಾಡ್ತಾರ. ಅವರ ಕೈ ಬ್ಯಾನಿ ಹೋಗಿಲ್ಲ, ಅದಕ್ಕ ಡಾಕ್ಟರ್ ಕೊಟ್ಟ ಗುಳಿಗಿ ನಡದೈತಿ. ಆದ್ರ ಪಲ್ಯಾ ಇವತ್ತ ಹೆಂಗ ಹೆಚ್ಚಬೇಕು, ದಪ್ಪನೋ ಸಣ್ಣನೋ ಅನ್ನೋದು ಮತ್ತ ಅವರದ ಮಾತು.

ವಯಸ್ಸಾದವರಿಗೆ ಸಾಮಾನು ತರೋವಾಗ ದುಡ್ಡು, ಬ್ರ್ಯಾಂಡ್ ನೋಡತೀವಿ. ಅವರ ಕೈ ಮಾತ್ರ ನೋಡೂದಿಲ್ಲ. ಒಂದು ಗೇಣು ದಾರ ತೊಗೊಂಡು ಅಳೀರಿ, ಆ ದಾರ ಪರ್ಸಿನ್ಯಾಗ ಇಟಗೊಂಡು ಅಂಗಡಿಗೆ ಹೋಗ್ರಿ. ಹೊಂದೂದು ಸಿಕ್ಕರ ಇಷ್ಟೆಲ್ಲಾ ಕೊಯ್ಯೋ ಕೆಲಸಾನ ಇರೂದಿಲ್ಲ.