ಹತ್ತನೆಯ ಸಹಿ

ಲೆಕ್ಕಕ್ಕೂ ನನಗೂ ಬಾಲ್ಯದಿಂದಲೇ ಆಗಿಬರಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ನಾನು ಗಣಿತದ ಗಡಿಯನ್ನು ದಾಟಿದ್ದು ಒಬ್ಬ ಮಿತ್ರನ ಕೃಪೆಯಿಂದ. ಪರೀಕ್ಷೆಗೆ ಮುಂಚೆ ಮೂರು ತಿಂಗಳು ಪ್ರತಿ ಸಂಜೆಯೂ ಅವನು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ನನಗೆ ಚಕ್ರಬಡ್ಡಿಯನ್ನು ಕಲಿಸಿದ. ಪ್ರತಿಯಾಗಿ ನಾನು ಅವನಿಗೆ ಹಳಗನ್ನಡ ಪದ್ಯಗಳ ಅನ್ವಯಾರ್ಥವನ್ನು ಹೇಳಿಕೊಟ್ಟೆ. ಪರೀಕ್ಷೆ ಮುಗಿದ ಮರುದಿನವೇ ನಾನು ಬಡ್ಡಿಯನ್ನು ಮರೆತೆ. ಅವನು ಪದ್ಯವನ್ನು ಮರೆತ. ಮುಂದೆ ನಾನು ಕನ್ನಡ ಎಂ.ಎ. ಮಾಡಿ ಸರಕಾರಿ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದೆ. ಅವನು ಬೆಂಗಳೂರು ಸೇರಿ ಚಾರ್ಟರ್ಡ್ ಅಕೌಂಟೆಂಟ್ ಆದ. ಇತರರ ಲೆಕ್ಕದ ತಪ್ಪನ್ನು ಹುಡುಕಿ ಹಣ ಗಳಿಸುವುದು ಅವನ ಉದ್ಯೋಗ. ಇತರರ ವ್ಯಾಕರಣದ ತಪ್ಪನ್ನು ಹುಡುಕಿ ಸಂಬಳ ಪಡೆಯುವುದು ನನ್ನದು.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ 86ನೆಯ ಅಧಿವೇಶನ ನಡೆಯಿತು. ದೊಡ್ಡರಂಗೇಗೌಡರು ಅಧ್ಯಕ್ಷರು. ಕೊನೆಯ ದಿನ ನಾನು ಪುಸ್ತಕ ಮಳಿಗೆಗಳ ಧೂಳಿನಲ್ಲಿ ನಿಘಂಟೊಂದರ ಬೆಲೆಯನ್ನು ಚೌಕಾಶಿ ಮಾಡುತ್ತಿದ್ದಾಗ ಹಿಂದಿನಿಂದ ಯಾರೋ ಹೆಗಲ ಮೇಲೆ ಕೈಯಿಟ್ಟರು. ತಿರುಗಿ ನೋಡಿದರೆ ಅವನೇ! ಸಾಹಿತ್ಯ ಸಮ್ಮೇಳನದಲ್ಲಿ ಲೆಕ್ಕಪರಿಶೋಧಕ! ನನಗೆ ಆಶ್ಚರ್ಯವಾಯಿತು. ಅದಕ್ಕಿಂತ ದೊಡ್ಡ ಆಶ್ಚರ್ಯ ಮಂಡಕ್ಕಿ ಮಿರ್ಚಿಯ ತಟ್ಟೆ ಬಂದ ಮೇಲೆ ಕಾದಿತ್ತು.

“ಎಮ್ಮೆಲ್ಲೆ ಇಲೆಕ್ಷನ್ನಿಗೆ ನಿಂದ್ರಬೇಕಂತ ಮಾಡೇನಿ. ಏನಂತೀ?” ಎಂದ.

ನಾನು ನಕ್ಕೆ. ಅವನು ನಗಲಿಲ್ಲ.

ಲೆಕ್ಕದವರು ರಾಜಕಾರಣಕ್ಕಿಳಿಯುವುದು ಹೊಸತೇನೂ ಅಲ್ಲವೆಂಬುದನ್ನು ಅವನು ಮೊದಲೇ ಅಭ್ಯಾಸ ಮಾಡಿಕೊಂಡು ಬಂದಿದ್ದ. ಚಾರ್ಟರ್ಡ್ ಅಕೌಂಟೆಂಟರಾಗಿದ್ದ ಕೆ. ರಹಮಾನ್ ಖಾನ್ ಅವರು 1978ರಲ್ಲಿ ವಿಧಾನಪರಿಷತ್ತನ್ನು ಪ್ರವೇಶಿಸಿ, ಅದರ ಸಭಾಪತಿಗಳಾಗಿ, ಮುಂದೆ ರಾಜ್ಯಸಭೆಯ ಉಪಸಭಾಪತಿಗಳೂ ಆದರು. ಇನ್ಫೋಸಿಸ್ ಸಂಸ್ಥೆಯ ಹಣಕಾಸಿನ ಮುಖ್ಯಾಧಿಕಾರಿಯಾಗಿದ್ದ ವಿ. ಬಾಲಕೃಷ್ಣನ್ ಅವರು 2014ರಲ್ಲಿ ಬೆಂಗಳೂರು ಕೇಂದ್ರದಿಂದ ಲೋಕಸಭೆಗೆ ನಿಂತು ಸೋತರು. “ನನ್ನದು ಎರಡನೇ ಹಾದಿ ಆದೀತು. ಇರಲಿ,” ಎಂದ. ಸೋಲನ್ನು ಮೊದಲೇ ಖರ್ಚಿನ ಬಾಬಿಗೆ ಹಾಕಿಕೊಂಡವನೊಡನೆ ವಾದಿಸುವುದು ಕಷ್ಟ.

ಯಾವ ಕ್ಷೇತ್ರವೆಂಬುದು ಮಾತ್ರ ನಿಶ್ಚಯವಾಗಿರಲಿಲ್ಲ. ರಾಜ್ಯದ ಯಾವುದೇ ಕ್ಷೇತ್ರದ ಮತದಾರನಾಗಿದ್ದವನು ರಾಜ್ಯದ ಬೇರೆ ಯಾವ ಕ್ಷೇತ್ರದಿಂದಲಾದರೂ ವಿಧಾನಸಭೆಗೆ ನಿಲ್ಲಬಹುದೆಂಬುದು ಕಾನೂನು. ಮರುದಿನ ಅವನ ಕಾರಿನಲ್ಲಿ ನಾವಿಬ್ಬರೂ ಕ್ಷೇತ್ರದರ್ಶನಕ್ಕೆ ಹೊರಟೆವು. ತೀರ್ಥಕ್ಷೇತ್ರಗಳಲ್ಲವಷ್ಟೆ! ಅವನ ತೊಡೆಯ ಮೇಲೆ ಒಂದು ಉದ್ದನೆಯ ವಹಿ. ಅದರಲ್ಲಿ ಊರಿಗೊಂದು ಪುಟ. ಎಡಗಡೆ ಅನುಕೂಲ, ಬಲಗಡೆ ಪ್ರತಿಕೂಲ.

ಹಿರೇಕೆರೂರಿನಲ್ಲಿ ದುರ್ಗಾದೇವಿಯ ಕೆರೆಯ ದಂಡೆಯ ಮೇಲೆ ನಿಂತು ಅವನು ಬರೆದುಕೊಂಡದ್ದು ಒಂದೇ ಸಂಖ್ಯೆ: 555. ನಾನು ಅದನ್ನು ಯಾವುದೋ ಪೂಜೆಯ ದಕ್ಷಿಣೆಯೆಂದುಕೊಂಡೆ. 2018ರ ಚುನಾವಣೆಯಲ್ಲಿ ಅಲ್ಲಿ ಬಿ. ಸಿ. ಪಾಟೀಲರು ಗೆದ್ದದ್ದು ಅಷ್ಟೇ ಮತಗಳ ಅಂತರದಿಂದ ಎಂದು ವಿವರಿಸಿದ. ಪೋಲೀಸ್ ಅಧಿಕಾರಿಯಾಗಿದ್ದು ಚಲನಚಿತ್ರ ನಟರಾದವರನ್ನು ಆರಿಸಿ ಕಳಿಸಿದ ಊರು ಲೆಕ್ಕಪರಿಶೋಧಕನನ್ನು ಏಕೆ ಒಪ್ಪಬಾರದು ಎಂಬುದು ಅವನ ತರ್ಕ. ಲೆಕ್ಕಪರಿಶೋಧಕನು ನಾಯಕನಾದ ಚಲನಚಿತ್ರವನ್ನು ನಾನಂತೂ ಈವರೆಗೆ ಕಂಡಿಲ್ಲ ಎಂದೆ. ಸರ್ವಜ್ಞನ ಊರೆಂದು ಜನ ನಂಬುವ ಅಬಲೂರು ಅಲ್ಲಿಗೆ ಸಮೀಪ. ಹೋಗೋಣವೆಂದರೆ ಅವನು ಗಡಿಯಾರ ನೋಡಿದ.

ಹಾನಗಲ್ಲಿನಲ್ಲಿ ಮಾತ್ರ ನಾನು ಹಟ ಹಿಡಿದು ಅವನನ್ನು ತಾರಕೇಶ್ವರ ಗುಡಿಯೊಳಕ್ಕೆ ಕರೆದೊಯ್ದೆ. ಛತ್ತಿನಲ್ಲಿ ಅರಳಿ ತೂಗುವ ಆ ಕಲ್ಲಿನ ಕಮಲದ ಕೆಳಗೆ ನಿಂತು ಅವನು ಬಹಳ ಹೊತ್ತು ಮೇಲೆ ನೋಡಿದ. ‘ಎಸಳು ಎಣಿಸುತ್ತಿರುವೆಯಾ?’ ಎಂದು ಕೇಳಬೇಕೆಂದಿದ್ದವನು ಅವನ ಮುಖವನ್ನು ಕಂಡು ಸುಮ್ಮನಾದೆ. ಹೊರಗೆ ಚಹದಂಗಡಿಯಲ್ಲಿ ಸಿ. ಎಂ. ಉದಾಸಿಯವರ ನಿಧನದ ತರುವಾಯ 2021ರ ಅಕ್ಟೋಬರಿನಲ್ಲಿ ನಡೆದ ಉಪಚುನಾವಣೆಯ ಮಾತು ಇನ್ನೂ ಹಳತಾಗಿರಲಿಲ್ಲ. ಆ ಉಪಚುನಾವಣೆಯಲ್ಲಿ ಗೆದ್ದವರು ಶ್ರೀನಿವಾಸ ಮಾನೆ. ಅಂಗಡಿಯವನು ನನ್ನ ಮಿತ್ರನ ಉದ್ಯೋಗವನ್ನು ಕೇಳಿ ತಿಳಿದು, “ಹಂಗಾದರ ನೀವು ರೊಕ್ಕ ಎಣಸಾಂವ್ರು; ನಿಂದ್ರಾಂವ್ರು ರೊಕ್ಕ ಚೆಲ್ಲಾಂವ್ರಿರಬೇಕ್ರೀ,” ಎಂದುಬಿಟ್ಟ. ವಹಿಯ ಬಲಗಡೆಯಲ್ಲಿ ಏನೋ ಬರೆಯಲ್ಪಟ್ಟಿತು.

ಶಿಗ್ಗಾಂವಿ ಕ್ಷೇತ್ರದ ವಿಷಯ ಬೇರೆ. ಕನಕದಾಸರು ಹುಟ್ಟಿದ ಬಾಡ, ಶರೀಫರ ಶಿಶುನಾಳ ಎರಡೂ ಆ ತಾಲೂಕಿನವು. ಚಿತ್ರದುರ್ಗದ ಕಡೆಯ ಎಸ್. ನಿಜಲಿಂಗಪ್ಪನವರನ್ನು 1967ರಲ್ಲಿ ತನ್ನವರೆಂದು ಆರಿಸಿದ ಉದಾರ ಕ್ಷೇತ್ರವದು. ಆದರೆ ಆ ಹೊತ್ತಿಗೆ ಅಲ್ಲಿಯ ಶಾಸಕರು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು; ಹಣಕಾಸಿನ ಖಾತೆಯೂ ಅವರದೇ. ಮರುತಿಂಗಳು 17ರಂದು 3 ಲಕ್ಷ ಕೋಟಿ ರೂಪಾಯಿಗೂ ಮೀರಿದ ಆಯವ್ಯಯವನ್ನು ವಿಧಾನಸಭೆಯಲ್ಲಿ ಮಂಡಿಸಿದವರೂ ಅವರೇ. ಅಂಥವರೆದುರು ಪಕ್ಷವಿಲ್ಲದ ನನ್ನ ಮಿತ್ರ! ನಾನು ಇದನ್ನು ಹೇಳಿದಾಗ ಅವನು ವಹಿಯನ್ನು ಮುಚ್ಚಿ, “ಸವಣೂರೂ ಇದರಾಗ ಬರತೈತಿ,” ಎಂದಷ್ಟೇ ಅಂದ.

ಆಗ ನನಗೆ ತಿಳಿಯಿತು. ಉಳಿದ ಕ್ಷೇತ್ರಗಳ ಪುಟಗಳೆಲ್ಲ ಕಾರಣ ತೋರಿಸುವುದಕ್ಕೆ ಬರೆದವು. ಅವನ ಹಳ್ಳಿ ಸವಣೂರ ತಾಲೂಕಿನದು.

ವಾಚಕರಿಗೆ ಅವನ ತಂದೆಯ ವಿಷಯ ಹೇಳಬೇಕು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ. ಅಂದಿನಿಂದ ನಮ್ಮ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಪೂಜಾರಿಗೂ ಶಾಲೆಯ ಮಾಸ್ತರರಿಗೂ ಇರುವಷ್ಟೇ ಮರ್ಯಾದೆ ಸೊಸಾಯಿಟಿಯ ಸೆಕ್ರೆಟರಿಗೆ. ಅವನ ತಂದೆ ಅಂಥ ಸೆಕ್ರೆಟರಿ. ನಾವು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ತಪಾಸಣೆಗೆ ಬಂದ ಅಧಿಕಾರಿ ತಿಜೋರಿಯಲ್ಲಿ 18 ಸಾವಿರ ರೂಪಾಯಿ ಕಡಿಮೆಯಿದೆಯೆಂದು ಬರೆದ. ತಂದೆ ಒಂದು ಮಾತನ್ನೂ ಆಡಲಿಲ್ಲ. ಎರಡು ಎಕರೆ ಎರೆಹೊಲವನ್ನು ಮಾರಿ ಹಣ ತುಂಬಿದರು. ಕೆಲಸ ಹೋಯಿತು. ಊರಿನಲ್ಲಿ ‘ಸೆಕ್ರೆಟರಿಯವರು’ ಎಂಬ ಮಾತು ಹೋಗಿ ‘ತಿಂದಾಂವ’ ಎಂಬ ಮಾತು ಬಂತು. ಯಾರೋ ತನ್ನ ತಂದೆಯ ವಹಿಯನ್ನು ತಿದ್ದಿ ಮೋಸ ಮಾಡಿದರೆಂಬುದು ನನ್ನ ಮಿತ್ರನ ದೃಢವಾದ ನಂಬಿಕೆ. ವಹಿಗಳನ್ನು ಓದುವ ವಿದ್ಯೆಯನ್ನೇ ಅವನು ಹಿಡಿದದ್ದು ಅದರಿಂದ. ತಂದೆ ತೀರಿಕೊಂಡ ಮೇಲೂ ಆ ನಂಬಿಕೆ ಸಡಿಲಾಗಲಿಲ್ಲ.

ಸವಣೂರಿನಲ್ಲಿ ನಾವು ಆ ಮೂರು ದೊಡ್ಡಹುಣಸೆ ಮರಗಳನ್ನು ನೋಡಿದೆವು. ಆಫ್ರಿಕದಿಂದ ಬಂದು ಇಲ್ಲಿಯವೇ ಆದ ಮರಗಳು. ಬುಡವನ್ನು ತಬ್ಬಲು ಹತ್ತು ಜನ ಬೇಕು. ಖಾರದ ಅಂಗಡಿಗೆ ಹೋಗುವ ದಾರಿಯಲ್ಲಿ ವೀಳ್ಯದೆಲೆಯ ಬುಟ್ಟಿಯ ಮುಂದೆ ಕುಳಿತಿದ್ದ ಮುದುಕರೊಬ್ಬರು ಅವನನ್ನು ದಿಟ್ಟಿಸಿ ನೋಡಿದರು.

“ನೀ ಸೆಕ್ರೆಟ್ರಿಯಾರ ಮಗಾ ಏನು?”

“ಹೌದ್ರೀ ಕಾಕಾ.”

ಮೂವತ್ತು ವರುಷದ ನಂತರ ಆ ಪದ! ಅವನ ಕಣ್ಣು ತುಂಬಿತು. ಮುದುಕರು ಮುಂದೆ ಮಾತನಾಡದೆ ಒಂದು ಪೆಂಡಿ ಎಲೆಯನ್ನು ಕಟ್ಟಿ ಅವನ ಕೈಗಿತ್ತರು. ಹಣವನ್ನು ಮುಟ್ಟಲಿಲ್ಲ.

ಅಲ್ಲಿಂದ ಮುಂದೆ ಅವನು ಮಾಡಿದ ಸಿದ್ಧತೆಯನ್ನು ಕಂಡರೆ ಚುನಾವಣಾಧಿಕಾರಿಗಳಿಗೇ ಸಂತೋಷವಾಗಬೇಕು. ಠೇವಣಿಯ 10,000 ರೂಪಾಯಿ. ಒಟ್ಟು ಸಿಂಧುಮತಗಳ ಆರನೆಯ ಒಂದು ಪಾಲಿಗಿಂತ ಹೆಚ್ಚು ಬಾರದಿದ್ದರೆ ಅದು ಸರಕಾರದ ಪಾಲು. ಚುನಾವಣೆಯ ಖರ್ಚಿಗೆಂದೇ ಬೇರೆ ಬ್ಯಾಂಕು ಖಾತೆ. 40 ಲಕ್ಷದ ಮಿತಿಯಲ್ಲಿ ತಾನು ಮೂರನ್ನೂ ದಾಟುವುದಿಲ್ಲವೆಂದು ಅವನ ಅಂದಾಜು. ಫಲಿತಾಂಶ ಬಂದು 30 ದಿನಗಳೊಳಗೆ ಕೊಡಬೇಕಾದ ಲೆಕ್ಕಪತ್ರದ ನಮೂನೆಯನ್ನು ನಾಮಪತ್ರಕ್ಕಿಂತ ಮೊದಲೇ ಗೆರೆ ಎಳೆದು ಇಟ್ಟುಕೊಂಡಿದ್ದ. ಆಸ್ತಿ, ಸಾಲ, ಮೊಕದ್ದಮೆಗಳನ್ನು ಪ್ರಮಾಣಮಾಡಿ ಹೇಳುವ 26ನೆಯ ನಮೂನೆಯ ಅಫಿಡವಿಟ್ಟನ್ನು ನನಗೆ ಓದಿ ಹೇಳಿದಾಗ ಅವನ ಧ್ವನಿಯಲ್ಲಿ ನಾನು ಕಾವ್ಯವಾಚನದಲ್ಲಿ ಮಾತ್ರ ಕೇಳಿದ್ದ ಒಂದು ಭಕ್ತಿಯಿತ್ತು.

ನನ್ನಿಂದ ಅವನು ಬೇಡಿದ್ದು ಒಂದು ಕರಪತ್ರ. ನಾನು ಸರಕಾರಿ ನೌಕರ. ನಡತೆಯ ನಿಯಮಗಳು ಒಪ್ಪುವುದಿಲ್ಲವೆಂದೆ. ಅದು ಸತ್ಯ. ನಿಯಮವಿರದಿದ್ದರೂ ನಾನು ಬರೆಯುತ್ತಿದ್ದೆನೋ ಇಲ್ಲವೋ ಎಂಬುದನ್ನು ಆಗ ಯೋಚಿಸಲಿಲ್ಲ, ಆಮೇಲೆ ಯೋಚಿಸಿದ್ದುಂಟು. ಅವನೇ ಬರೆದು ತಂದದ್ದರಲ್ಲಿ ಎರಡು ಒತ್ತಕ್ಷರಗಳನ್ನು ಮಾತ್ರ ತಿದ್ದಿದೆ. ಒತ್ತಕ್ಷರವು ಯಾವ ಪಕ್ಷಕ್ಕೂ ಸೇರಿದ್ದಲ್ಲ.

ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಹತ್ತು ಮಂದಿ, ಅದೇ ಕ್ಷೇತ್ರದ ಮತದಾರರು, ಸಹಿ ಹಾಕಬೇಕು. ಏಪ್ರಿಲ್ 13ರಂದು ಅಧಿಸೂಚನೆ ಹೊರಟಿತು. 20 ಕೊನೆಯ ದಿನ. ಹತ್ತು ಸಹಿಯೆಂದರೆ ಏನು ಮಹಾ ಎಂದು ನಾನೂ ತಿಳಿದಿದ್ದೆ. ಆದರೆ ಹಳ್ಳಿಯಲ್ಲಿ ಸಹಿಯೆಂದರೆ ಸಾಲದ ಜಾಮೀನಿನಷ್ಟೇ ಭಾರ. ಸೋದರಮಾವ ‘ನಾಳೆ’ ಎಂದರು. ಚಿಕ್ಕಪ್ಪನ ಮಗ ಊರಿನಲ್ಲಿರಲಿಲ್ಲ. ಆರು ದಿನ ತಿರುಗಿ ಒಂಬತ್ತಾದವು.

19ರ ರಾತ್ರಿ ಹನ್ನೊಂದರ ಸುಮಾರಿಗೆ ಅವನು ನಮ್ಮ ಮನೆಯ ಬಾಗಿಲು ತಟ್ಟಿದ. ನನ್ನ ಹೆಂಡತಿ ಎದ್ದು ಅವಲಕ್ಕಿ ಕಲಸಿಕೊಟ್ಟಳು. ಅವನು ಅದನ್ನು ಮುಂದಿಟ್ಟುಕೊಂಡು ಸುಮ್ಮನೆ ಕುಳಿತ. ಬಹಳ ಹೊತ್ತಿನ ಮೇಲೆ ಹೇಳಿದ.

ಹತ್ತನೆಯ ಸಹಿಗಾಗಿ ಅವನು ಆ ವೀಳ್ಯದೆಲೆಯ ಕಾಕಾನ ಬಳಿಗೆ ಹೋಗಿದ್ದ. ಕಾಕಾ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರಂತೆ: “ಸಹಿ ಮಾಡಾಕ ಅಡ್ಡಿ ಇಲ್ಲ ತಮ್ಮಾ. ಆದರ ಒಂದ್ ಮಾತ ಐತಿ. ಆ ರೊಕ್ಕ ನಾನ ತಗೊಂಡಿದ್ನಿ. ಮಗಳ ಲಗ್ನ ಇತ್ತು. ಕಾಗದ ಬರದು ಕೊಡ್ತೇನಿ ಅಂದ್ನಿ. ಸುಗ್ಗಿಗೆ ತಿರುಗಿ ಕೊಡ್ತೀ ಅಲ್ಲ, ಬರಿಯೂದ್ಯಾಕ ಅಂದಾ ನಿಮ್ಮಪ್ಪ. ಸುಗ್ಗಿ ಬರೂಕಿಂತ ಮೊದಲ ಸಾಹೇಬ ಬಂದಾ. ಹೇಳ್ತೇನಿ ಅಂದ್ರ, ಮಗಳ ಬೀಗರಿಗೆ ಗೊತ್ತಾಕ್ಕೈತಿ, ಸುಮ್ಮಕಿರು ಅಂದಾ. ಸುಮ್ಮಕಿದ್ನಿ. ಇವತ್ತು ಈ ಸಹಿ ಮಾಡಿ ಋಣ ತೀರಸ್ತೇನಿ.”

“ಹಾಗಾದರೆ ನಿನ್ನ ತಂದೆ ತಿಂದವರಲ್ಲ!” ಎಂದು ನಾನು ಸಂತೋಷದಿಂದ ಕೂಗಿದೆ.

“ಅಲ್ಲ. ಚೀಟಿ ಇಲ್ಲದ ಸಂಘದ ರೊಕ್ಕಾ ಕೊಟ್ಟಾಂವ. ಸಾಹೇಬ ಬರದದ್ದು ಖರೇ ಇತ್ತು. ನಾ ಆ ಸಾಹೇಬನ ಜಾಗಾದಾಗ ಇದ್ದರೂ ಅದನ್ನ ಬರೀತಿದ್ನಿ.”

ಸಹಿ ಆಗಿದೆಯೇ ಎಂದು ಕೇಳಿದೆ. ಕಾಗದವನ್ನು ತೋರಿಸಿದ. ಒಂಬತ್ತೇ ಇದ್ದವು. ತಂದೆಯು ರೊಕ್ಕ ಕೊಟ್ಟಿದ್ದಕ್ಕೆ ಮಗನು ಸಹಿ ಪಡೆದರೆ ಅದಕ್ಕೆ ಏನೆಂದು ಹೆಸರು? ಮತಕ್ಕೆ ಹಣ ಹಂಚಬಾರದೆಂದು ತಾನೇ ಕರಪತ್ರದಲ್ಲಿ ಬರೆದಿರಲಿಲ್ಲವೇ? ಇದು ಅವನ ಪ್ರಶ್ನೆ. ನಾನು ಸಿಟ್ಟಾದೆ. ಅದು ಹಣವಲ್ಲ, ಕೃತಜ್ಞತೆ ಎಂದೆ. ಲೋಕದಲ್ಲಿ ಎಲ್ಲ ಸಹಿಗಳ ಹಿಂದೆಯೂ ಯಾವುದೋ ಋಣವಿರುತ್ತದೆ ಎಂದೆ. ಬೇರೆ ಹತ್ತನೆಯವನನ್ನು ಬೆಳಗಾಗುವುದರೊಳಗೆ ಹುಡುಕೋಣವೆಂದೆ; ಆ ರಾತ್ರಿ ನಡತೆಯ ನಿಯಮಗಳು ನನಗೆ ನೆನಪಾಗಲಿಲ್ಲ. ಅವನು ಅವಲಕ್ಕಿಯನ್ನು ತಿಂದು ಮುಗಿಸಿ ಚಾಪೆಯ ಮೇಲೆ ಮಲಗಿ ಮಗುವಿನಂತೆ ನಿದ್ರೆ ಹೋದ. 20ರ ಮಧ್ಯಾಹ್ನ ಮೂರು ಗಂಟೆ ದಾಟಿದಾಗ ನನಗೆ ಕಾಲೇಜಿನಲ್ಲಿ ಪಾಠವಿತ್ತು. ಏನು ಪಾಠ ಹೇಳಿದೆನೋ ತಿಳಿಯದು.

ಅವನು ಮಾಡಿದ್ದು ತಪ್ಪೆಂದೇ ನನಗೆ ಈಗಲೂ ತೋರುತ್ತದೆ. ಮುದುಕರ ಪಾಲಿನ ಒಂದೇ ಒಂದು ಬಿಡುಗಡೆಯನ್ನು ಅವನು ಕಿತ್ತುಕೊಂಡ. ನನ್ನ ಹೆಂಡತಿಯ ಅಭಿಪ್ರಾಯ ಬೇರೆ. ಅದನ್ನು ಅವಳು ವಿವರಿಸುವುದಿಲ್ಲ.

ಮೇ 10ರಂದು ಮತದಾನ. ನನ್ನನ್ನು ಬೇರೊಂದು ಕ್ಷೇತ್ರದ ಮತಗಟ್ಟೆಗೆ ಅಧ್ಯಕ್ಷಾಧಿಕಾರಿಯನ್ನಾಗಿ ಹಾಕಿದ್ದರು. ಮತದಾರರ ದಾಖಲೆಪುಸ್ತಕದ ಸಂಖ್ಯೆಗೂ ಯಂತ್ರದ ಸಂಖ್ಯೆಗೂ ಸಂಜೆ ತಾಳೆಯಾಗಬೇಕು. ಅದನ್ನು 17-ಸಿ ಎಂಬ ನಮೂನೆಯಲ್ಲಿ ಬರೆಯಬೇಕು. ನನಗೆ ಒಂದು ಮತ ಕಡಿಮೆ ಬಂತು! ಬೆವರಿಳಿಯಿತು. ಸೊಸಾಯಿಟಿಯ ತಿಜೋರಿಯ ಮುಂದೆ ಕುಳಿತ ಒಬ್ಬ ಮನುಷ್ಯನ ಮುಖ ಕಣ್ಣಮುಂದೆ ಬಂತು. ಮೂರು ಸಲ ಎಣಿಸಿದ ಮೇಲೆ, ಹೆಬ್ಬೆಟ್ಟು ಒತ್ತಿ ಮತ ಹಾಕದೆಯೇ ಹೊರಟುಹೋದ ಅಜ್ಜಿಯೊಬ್ಬಳ ನೆನಪನ್ನು ಸಹಾಯಕರು ತಂದುಕೊಟ್ಟರು. ಷರಾ ಬರೆದಿದ್ದರು, ನಾನೇ ನೋಡಿರಲಿಲ್ಲ.

2024ರಲ್ಲಿ ಬೊಮ್ಮಾಯಿಯವರು ಲೋಕಸಭೆಗೆ ಆರಿಸಿಹೋದದ್ದರಿಂದ ನವೆಂಬರಿನಲ್ಲಿ ಶಿಗ್ಗಾಂವಿಗೆ ಉಪಚುನಾವಣೆ ಬಂತು. ಯಾಸಿರ್ ಅಹ್ಮದ್ ಖಾನ್ ಪಠಾಣರು ಗೆದ್ದರು. ಅದರ ಘೋಷಣೆಯಾದ ದಿನ ನಾನೇ ಬೆಂಗಳೂರಿಗೆ ಫೋನು ಮಾಡಿ ಮಿತ್ರನನ್ನು ಕೇಳಿದೆ. ಅವನು ಉತ್ತರಿಸದೆ, “ಕಾಕಾ ಆರಾಮ ಅದಾರೇನು?” ಎಂದು ಕೇಳಿದ.

ಕಾಕಾ ಆರಾಮಾಗಿದ್ದಾರೆ. ತಿಂಗಳಿಗೊಮ್ಮೆ ಸವಣೂರಿನಿಂದ ಎಲೆಯ ಪೆಂಡಿಯನ್ನು ನನ್ನ ಮನೆಗೆ ಕಳಿಸುತ್ತಾರೆ, ಬೆಂಗಳೂರಿಗೆ ಮುಟ್ಟಿಸಲೆಂದು. ಮಿತ್ರನು ಅದನ್ನು ಸ್ವೀಕರಿಸಿ, ಅಂದಿನ ಪೇಟೆಯ ಬೆಲೆಯನ್ನು ವಿಚಾರಿಸಿ, ಅಷ್ಟು ಹಣವನ್ನು ನನಗೆ ಕಳಿಸುತ್ತಾನೆ, ಕಾಕಾನಿಗೆ ಮುಟ್ಟಿಸಲೆಂದು. ಕಾಕಾ ಅದನ್ನು ಕೈಯಿಂದ ಮುಟ್ಟುವುದಿಲ್ಲ. ಹೀಗಾಗಿ ಆ ಹಣವೆಲ್ಲ ನನ್ನ ಮೇಜಿನ ಖಾನೆಯಲ್ಲಿ ಕೂಡುತ್ತಿದೆ. ಪಕ್ಕದಲ್ಲಿ ಒಂದು ನೋಟುಬುಕ್ಕಿದೆ. ತಾರೀಖು, ಪೆಂಡಿ, ಬೆಲೆ ಎಂದು ಮೂರು ಗೆರೆ ಎಳೆದು ಬರೆದಿಡುತ್ತಿದ್ದೇನೆ. ಕಳೆದ ವಾರ ಕೂಡಿಸಿ ನೋಡಿದರೆ ಎಪ್ಪತ್ತು ರೂಪಾಯಿ ಹೆಚ್ಚು ಬಂತು.